ಸುಮ್ಮನೆ ಹತ್ತಿದ ಬೆಟ್ಟ

ಬೆಟ್ಟಕ್ಕೆ ಹೋಗುವವರ ಪಟ್ಟಿಯಲ್ಲಿ ಏನೇನಿರುತ್ತದೆ? ನೀರು, ಬೂಟು, ಟೋಪಿ, ಟಾರ್ಚು. ನನ್ನ ಪಟ್ಟಿಯ ಮೊದಲ ಸಾಲು ಹೀಗಿದೆ: ಹಿಂದಿನ ರಾತ್ರಿಯೇ ಹಿಟ್ಟು ಕಲಸಿಡುವುದು. ಎರಡನೆಯದು: ಅಮ್ಮಿಯ ಬಿ.ಪಿ. ಮಾತ್ರೆಯ ಡಬ್ಬಿ ಮೇಲೆ ಗಂಟೆ ಬರೆದಿಡುವುದು. ಮೂರನೆಯದು: ಗ್ಯಾಸ್ ಸಿಲಿಂಡರ್ ಬರುವ ದಿನವಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಬೆಟ್ಟದ ಹೆಸರು ಬರುವುದು ಏಳನೆಯ ಸಾಲಿನಲ್ಲಿ. ಓದುಗರಿಗೆ ನಗು ಬರಬಹುದು. ನಮ್ಮ ಮನೆಯಲ್ಲೂ ಎಲ್ಲರೂ ನಕ್ಕರು. ಆದರೆ ಮೊದಲ ಆರು ಸಾಲು ಸರಿಯಾಗದಿದ್ದರೆ ಏಳನೆಯದು ಎಂದಿಗೂ ಬರುವುದಿಲ್ಲ ಎಂಬುದು ನನ್ನಂಥ ಹೆಂಗಸರಿಗೆಲ್ಲ ಗೊತ್ತು.

ಈ ಪಟ್ಟಿ ಇರುವುದು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ. ಮುಂದಿನಿಂದ ತೆರೆದರೆ ಕನ್ನಡ. ಬಸ್ಸಿನ ವೇಳೆ, ಬೆಟ್ಟದ ಹೆಸರು, ಹತ್ತಲು ಹಿಡಿಯುವ ಹೊತ್ತು, ಯಾವ ತಿಂಗಳು ಒಳ್ಳೆಯದು ಇತ್ಯಾದಿ. ಹಿಂದಿನಿಂದ ತೆರೆದರೆ ಉರ್ದು. ಮನೆಯ ಕೆಲಸ, ಔಷಧ, ಖರ್ಚು, ಮತ್ತು ಯಾರಿಗೆ ಏನು ಹೇಳಿ ಹೊರಡಬೇಕು ಎಂಬ ವಿಷಯ. ಹೀಗೆ ಎರಡು ಭಾಗ ಮಾಡಬೇಕೆಂದು ನಾನು ಯೋಚಿಸಿರಲಿಲ್ಲ. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲೂ ಅಲ್ಲಿಂದಾಚೆ ಕನ್ನಡ ಶಾಲೆಯಲ್ಲೂ ಓದಿದವಳಿಗೆ ಲೋಕದ ವಿಷಯ ಒಂದು ಕಡೆಯಿಂದ, ಮನೆಯ ವಿಷಯ ಇನ್ನೊಂದು ಕಡೆಯಿಂದ ಬರೆಯುವುದು ತಾನಾಗಿಯೇ ಬಂದುಬಿಡುತ್ತದೆ.

ನಾನು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ. ರೇಷ್ಮೆಯ ಊರು. ಅಬ್ಬಾ ರೀಲರ್ ಆಗಿದ್ದರು. ರೀಲರ್ ಎಂದರೆ ದೊಡ್ಡ ಕಾರ್ಖಾನೆಯೇನೂ ಅಲ್ಲ, ಮನೆಯ ಹಿಂದಿನ ಶೀಟಿನ ಕೆಳಗೆ ನಾಲ್ಕಾರು ಬೇಸಿನ್, ಅಷ್ಟೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಿಂದ ಅಬ್ಬಾ ಗೂಡು ತರುತ್ತಿದ್ದರು. ಅದನ್ನು ಕುದಿಯುವ ನೀರಿಗೆ ಹಾಕಿ ಎಳೆ ಹಿಡಿದು ನೂಲು ಬಿಚ್ಚುವ ಕೆಲಸ ಅಮ್ಮಿಯದು ಮತ್ತು ಕೂಲಿಗೆ ಬರುತ್ತಿದ್ದ ಹೆಂಗಸರದು. ಸಂಜೆಯ ಹೊತ್ತಿಗೆ ಅವರ ಬೆರಳುಗಳು ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಸತ್ತ ಹುಳುವಿನ ವಾಸನೆ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ಅನ್ನಕ್ಕೆ ಹತ್ತಿಕೊಂಡಿರುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದು ವಾಸನೆಯೆಂದು ನೆನಪಾಗುತ್ತಿದ್ದುದು.

ಆ ವಾಸನೆ ಕಡಿಮೆಯಾಗುತ್ತಿದ್ದುದು ಮಾಳಿಗೆಯ ಮೇಲೆ. ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಪಶ್ಚಿಮಕ್ಕೆ ಬೆಟ್ಟಗಳ ಸಾಲು ಕಾಣುತ್ತಿತ್ತು. ಸೂರ್ಯ ಅದರ ಹಿಂದೆ ಇಳಿಯುತ್ತಿದ್ದ. "ಅಬ್ಬಾ, ಅದರಲ್ಲಿ ನಂದಿ ಯಾವುದು?" ಎಂದು ಕೇಳುತ್ತಿದ್ದೆ. ಅವರು ಬೆರಳು ತೋರಿಸುತ್ತಿದ್ದರು. "ಹೋಗೋಣವಾ?" ಎಂದರೆ ಒಂದೇ ಉತ್ತರ, "ಮುಂದೆ ನೋಡೋಣ ಬೇಟಾ." ಅದರಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿಯೂ ಮುಂದೆ ಎಂದಾದರೂ ನೋಡೋಣ ಎಂದೇ ಅವರು ಅಂದುಕೊಂಡಿದ್ದರೋ ಏನೋ. ಆದರೆ ಗೂಡಿನ ಬೆಲೆ ಏರಿದರೆ ದುಡ್ಡಿರಲಿಲ್ಲ, ಇಳಿದರೆ ಬಿಡುವಿರಲಿಲ್ಲ. ಏಳನೆಯ ತರಗತಿಯಲ್ಲಿ ಶಾಲೆಯಿಂದ ನಂದಿಗೆ ಪ್ರವಾಸ ಹೊರಟಾಗ ಒಪ್ಪಿಗೆ ಚೀಟಿಗೆ ಅವರು ಸಹಿ ಹಾಕಲಿಲ್ಲ. ಆಗಲೂ "ಬೇಡ" ಎನ್ನಲಿಲ್ಲ. ಚೀಟಿ ಅವರ ಅಂಗಿಯ ಜೇಬಿನಲ್ಲೇ ಉಳಿಯಿತು, ಬಸ್ಸು ಹೊರಟುಹೋಯಿತು. ಅಬ್ಬಾ ತೀರಿಕೊಂಡು ವರ್ಷಗಳಾದವು. ಆ "ಮುಂದೆ" ಬರಲೇ ಇಲ್ಲ.

ಮದುವೆಯಾಗಿ ಬಂದದ್ದು ಚಿಕ್ಕಬಳ್ಳಾಪುರಕ್ಕೆ. ಬೆಟ್ಟ ನೋಡುತ್ತಾ ಬೆಳೆದವಳು ಬೆಟ್ಟಗಳ ಮಧ್ಯೆಯೇ ಬಂದು ಕುಳಿತೆ. ಈ ಊರನ್ನು ಪಂಚಗಿರಿಗಳ ಊರು ಎನ್ನುತ್ತಾರೆ. ನಂದಿಗಿರಿ, ಬ್ರಹ್ಮಗಿರಿ, ಚನ್ನಗಿರಿ, ಸ್ಕಂದಗಿರಿ. ಐದನೆಯದನ್ನು ದಿವ್ಯಗಿರಿ ಎನ್ನುವವರೂ ಇದ್ದಾರೆ, ಹೇಮಗಿರಿ ಎನ್ನುವವರೂ ಇದ್ದಾರೆ. ಅಡುಗೆಮನೆಯ ಕಿಟಕಿ ತೆರೆದರೆ ಸ್ಕಂದಗಿರಿ. ಹಳಬರ ಬಾಯಲ್ಲಿ ಅದು ಕಳವಾರದ ಬೆಟ್ಟ. ಇಪ್ಪತ್ತು ವರ್ಷ ಆ ಕಿಟಕಿಯ ಕೆಳಗೆ ಪಾತ್ರೆ ತೊಳೆದೆ. ಮಕ್ಕಳನ್ನು ಸಾಕಿದೆ, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕತೆ ಬರೆದೆ. ಬೆಂಗಳೂರಿನ ಹುಡುಗರು ಶನಿವಾರ ರಾತ್ರಿ ಬೈಕಿನಲ್ಲಿ ಬಂದು ಭಾನುವಾರ ಬೆಳಿಗ್ಗೆ ಹತ್ತಿ ಇಳಿದು ಹೋಗುವ ಬೆಟ್ಟವನ್ನು ನಾನು ಒಂದು ದಿನವೂ ಹತ್ತಿರಲಿಲ್ಲ. ಯಾರೂ ಹತ್ತಬೇಡ ಎಂದಿರಲಿಲ್ಲ, ಯಾರೂ ಹತ್ತು ಎಂದೂ ಹೇಳಿರಲಿಲ್ಲ.

ನಲವತ್ತೆರಡು ತುಂಬಿದಾಗ ರಕ್ತಪರೀಕ್ಷೆಯಲ್ಲಿ ಸಕ್ಕರೆ ಕಾಣಿಸಿತು. ಡಾಕ್ಟರು "ದಿನಾ ನಡೀರಿ" ಎಂದರು. ನಾನು ಶಾಲೆಯ ಮೈದಾನದಲ್ಲಿ ಸುತ್ತು ಹೊಡೆಯತೊಡಗಿದೆ. ನನ್ನ ಜೊತೆ ಅದೇ ಶಾಲೆಯ ಇನ್ನೊಬ್ಬ ಟೀಚರು. ಅವರಿಗೂ ಸಕ್ಕರೆ. ಗಂಡ ಇಲ್ಲ, ಮಗ ಹೈದರಾಬಾದಿನಲ್ಲಿ. ಹದಿನೈದು ದಿನ ಸುತ್ತಿದ ಮೇಲೆ ಅವರು ನಿಂತು, "ಮೇಡಂ, ಗಾಣದೆತ್ತಿನ ಥರ ಇಲ್ಲೇ ಸುತ್ತೋ ಬದಲು ಸುತ್ತಲೂ ಇರೋ ಬೆಟ್ಟ ಯಾಕೆ ಹತ್ತಬಾರದು?" ಎಂದರು. ನೋಟ್‌ಬುಕ್ಕು ಕೊಂಡದ್ದು ಆ ಸಂಜೆ.

ಯೋಜನೆ ಮಾಡಲು ಕೂತ ಮೇಲೆ ನಮಗೆ ತಿಳಿದದ್ದು, ಚಿಕ್ಕಬಳ್ಳಾಪುರ ಇದಕ್ಕೆ ಎಷ್ಟು ಅನುಕೂಲದ ಊರು ಎಂಬುದು. ನಂದಿ ಹತ್ತೇ ಕಿಲೋಮೀಟರಿನ ಆಸುಪಾಸು, ಸ್ಕಂದಗಿರಿ ಅದಕ್ಕೂ ಹತ್ತಿರ. ಪೂರ್ವಕ್ಕೆ ಶಿಡ್ಲಘಟ್ಟ ದಾಟಿದರೆ ಚಿಂತಾಮಣಿ. ಅಲ್ಲಿ ಕೈವಾರ, ಅಂಬಾಜಿದುರ್ಗ, ರೆಹಮಾನ್‌ಗಢ. ಶಿಡ್ಲಘಟ್ಟ ತಾಲ್ಲೂಕಿನಲ್ಲೇ ತಲಕಾಯಲಬೆಟ್ಟ ಇದೆ. ಪಶ್ಚಿಮಕ್ಕೆ ಮಂಚೇನಹಳ್ಳಿಯ ಮೇಲೆ ಹೋದರೆ ಗೌರಿಬಿದನೂರು. ಅಲ್ಲಿಂದ ಬೆಂಗಳೂರಿನ ಕಡೆಗೆ ಹೋಗುವ ರೈಲಿನ ದಾರಿಯಲ್ಲಿ ಮಾಕಳಿದುರ್ಗ. ಎಲ್ಲವೂ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ದೂರ. ಹೊರಗೆ ರಾತ್ರಿ ಉಳಿಯುವ ಪ್ರಶ್ನೆಯೇ ಇಲ್ಲ. ಆ ಪ್ರಶ್ನೆ ಇಲ್ಲದಿದ್ದುದರಿಂದಲೇ ಉಳಿದ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಸಿಕ್ಕಿತು.

ಕಾಲದ ಲೆಕ್ಕ ಮುಖ್ಯ. ಆಗಸ್ಟಿನಿಂದ ಅಕ್ಟೋಬರಿನವರೆಗೆ ನಮ್ಮ ಕಡೆ ಮಳೆ ಸುರಿದರೆ ಬಂಡೆಗಳ ಮೇಲೆ ಪಾಚಿ ಕಟ್ಟುತ್ತದೆ. 2021ರ ಆಗಸ್ಟಿನಲ್ಲಿ ಒಂದು ರಾತ್ರಿಯ ಮಳೆಗೆ ನಂದಿಯ ರಸ್ತೆಯೇ ಕುಸಿದು, ಆ ಡಿಸೆಂಬರಿನವರೆಗೆ ಬೆಟ್ಟ ಮುಚ್ಚಿತ್ತು. ಮಾರ್ಚ್ ಕಳೆದರೆ ಬಂಡೆ ಕಾದ ಹೆಂಚು. ಹಾಗಾಗಿ ನವೆಂಬರಿನಿಂದ ಫೆಬ್ರವರಿ ಎಂದು ಬರೆದುಕೊಂಡೆವು. ಶಿವರಾತ್ರಿಯ ದಿನಗಳಲ್ಲಿ ನಂದಿ ಊರಿನಲ್ಲಿ ಭೋಗನಂದೀಶ್ವರನ ತೇರು. ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದ್ದರಿಂದ ಆ ವಾರ ಬೇಡ. ರಂಜಾನ್ ತಿಂಗಳು ನನ್ನಿಂದಾಗುವುದಿಲ್ಲ, ಕಾರ್ತಿಕ ಸೋಮವಾರ ಟೀಚರಿಂದಾಗುವುದಿಲ್ಲ. ಭಾನುವಾರ ಬೆಂಗಳೂರೇ ಇಲ್ಲಿಗೆ ಬಂದಿರುತ್ತದೆ. ಎಲ್ಲ ಕಳೆದರೆ ಉಳಿಯುವುದು ಎರಡನೆಯ ಶನಿವಾರ ಮತ್ತು ಸರ್ಕಾರ ದಯಪಾಲಿಸುವ ಜಯಂತಿಗಳು.

ಇನ್ನೂ ಕೆಲವು ಲೆಕ್ಕಗಳಿವೆ, ಪ್ರವಾಸದ ಪುಸ್ತಕಗಳಲ್ಲಿ ಅವು ಇರುವುದಿಲ್ಲ. ಬೆಟ್ಟದ ದಾರಿಯಲ್ಲಿ ಶೌಚಾಲಯ ಇಲ್ಲ. ಅದಕ್ಕಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಬಿಸಿಲಿನಲ್ಲಿ ಏರು ಹತ್ತುವವರಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಎಲ್ಲಿ ಹೊರಡುತ್ತೇವೋ ಅಲ್ಲಿ ಶೌಚಾಲಯ ಇದೆಯೇ ಎಂದು ಮೊದಲೇ ವಿಚಾರಿಸಿ ಬರೆದುಕೊಂಡೆವು. ಸಕ್ಕರೆಯವರು ಹಸಿದ ಹೊಟ್ಟೆಯಲ್ಲಿ ಹತ್ತಬಾರದು, ಒಂದು ರೊಟ್ಟಿ ತಿಂದೇ ಹೊರಡಬೇಕು, ಜೇಬಿನಲ್ಲಿ ಬೆಲ್ಲದ ಚೂರು ಇರಬೇಕು. ಫಜರ್ ಮನೆಯಲ್ಲಿ ಮುಗಿಸಿ ಮೊದಲ ಬಸ್ಸು ಹಿಡಿದರೆ ಜೊಹರ್ ಹೊತ್ತಿಗೆ ಕೆಳಗಿಳಿದಿರಬಹುದು. ತಡವಾದರೆ ಒಂದು ಬಾಟಲಿ ನೀರು ವಜೂಗೆಂದು ಹೆಚ್ಚಿಗೆ ಇರಲಿ.

ಬಟ್ಟೆಯದೇ ದೊಡ್ಡ ಚರ್ಚೆಯಾಯಿತು. ನಾನು ಬುರ್ಖಾ ಹಾಕುವವಳು. ಕಡಿದಾದ ಮೆಟ್ಟಿಲಿನಲ್ಲಿ ಅದರ ಅಂಚು ಕಾಲಿಗೆ ಸಿಕ್ಕಿದರೆ ಗತಿ ಏನು? ಮಗಳು ಸುಲಭವಾಗಿ ಹೇಳಿಬಿಟ್ಟಳು, "ಮಮ್ಮಿ, ಸಡಿಲ ಸಲ್ವಾರ್ ಹಾಕಿಕೊಂಡು ದುಪಟ್ಟಾ ಪಿನ್ ಮಾಡಿಕೋ, ಬುರ್ಖಾ ಬ್ಯಾಗಿನಲ್ಲಿಟ್ಟುಕೋ." ಟೀಚರು ಸೀರೆಯಲ್ಲೇ ಬರುವುದಾಗಿ ಹಟ ಹಿಡಿದಿದ್ದರು. ಕಡೆಗೆ ಅವರೂ ಚೂಡಿದಾರ್ ಹೊಲಿಸಿದರು. ಇಪ್ಪತ್ತೈದು ವರ್ಷಗಳ ನಂತರ ಚೂಡಿದಾರ್ ಹಾಕುತ್ತಿದ್ದೇನೆ ಎಂದು ನಾಚಿಕೊಂಡರು. ನಮ್ಮವರನ್ನು ಕೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಬಿದ್ದು ಕಾಲು ಮುರಿದುಕೊಳ್ಳಬೇಡ, ಅಷ್ಟು ಸಾಕು" ಎಂದರು. ಅದನ್ನು ಒಪ್ಪಿಗೆಯೆಂದೇ ನೋಟ್‌ಬುಕ್ಕಿನ ಉರ್ದು ಭಾಗದಲ್ಲಿ ಬರೆದುಕೊಂಡೆ.

ಮೊದಲ ಬೆಟ್ಟ ನಂದಿಯೇ ಆಗಬೇಕಿತ್ತು. ರಸ್ತೆಯಲ್ಲಿ ಬಸ್ಸು ನೇರ ಮೇಲಕ್ಕೇ ಹೋಗುತ್ತದೆ. ನಾವು ಬಸ್ಸನ್ನು ನಂದಿ ಊರಿನಲ್ಲೇ ಬಿಟ್ಟು, ಆಟೋದಲ್ಲಿ ಸುಲ್ತಾನ್‌ಪೇಟೆಗೆ ಹೋಗಿ, ಹಳೆಯ ಕಲ್ಲು ಮೆಟ್ಟಿಲಿನ ದಾರಿ ಹಿಡಿದೆವು. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಮೊದಲ ನೂರರಲ್ಲಿ ನಾನು ನಾಲ್ಕು ಸಲ ಕುಳಿತೆ. ಐನೂರರ ಹೊತ್ತಿಗೆ ಉಸಿರು ಒಂದು ಲಯಕ್ಕೆ ಬಂತು. ಆಮೇಲೆ ಮಂಜು ಬಂತು. ಅದು ಕಿಟಕಿಯಿಂದ ಕಾಣುತ್ತಿದ್ದ ಮಂಜಿನಂತಲ್ಲ. ಮೈಗೆ ತಾಗುವ, ರೆಪ್ಪೆಯ ಮೇಲೆ ಹನಿಯಾಗುವ ಮಂಜು. ಟೀಚರು ಮುಂದೆ ಹತ್ತು ಮೆಟ್ಟಿಲು ಹೋದರೂ ಕಾಣುತ್ತಿರಲಿಲ್ಲ. "ಇದ್ದೀರಾ ಮೇಡಂ?" ಎಂದು ಅವರು ಕೇಳುವುದು, "ಇದ್ದೀನಿ" ಎಂದು ನಾನು ಹೇಳುವುದು. ಹೀಗೆಯೇ ಕೋಟೆಯ ಬಾಗಿಲು ತಲುಪಿದೆವು.

ನಂದಿಯ ಎತ್ತರ 1478 ಮೀಟರು. ಮೇಲೆ ಯೋಗನಂದೀಶ್ವರನ ಗುಡಿ ಇದೆ, ಅಮೃತ ಸರೋವರವೆಂಬ ಕಲ್ಯಾಣಿ ಇದೆ, ಟೀಪು ಸುಲ್ತಾನನ ಬೇಸಿಗೆಯ ಮನೆ ಇದೆ. ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು 1791ರ ಅಕ್ಟೋಬರಿನಲ್ಲಿ ಬೆಳದಿಂಗಳ ರಾತ್ರಿಯಲ್ಲಿ ನುಗ್ಗಿ ಹಿಡಿಯಿತು. ಅದಾದ ಮೇಲೆ ಮಾರ್ಕ್ ಕಬ್ಬನ್ ಇಲ್ಲಿ ಬಂಗಲೆ ಕಟ್ಟಿಸಿ ಬೇಸಿಗೆ ಕಳೆದ. 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಬಂದು ಕುಳಿತರು. 2025ರ ಜುಲೈನಲ್ಲಿ ರಾಜ್ಯದ ಸಚಿವ ಸಂಪುಟವೇ ಇಲ್ಲಿ ಸಭೆ ನಡೆಸಿತು. ಸುಲ್ತಾನರೂ ಸಾಹೇಬರೂ ಮಂತ್ರಿಗಳೂ ಹತ್ತಿದ ಬೆಟ್ಟವನ್ನು ಅದರ ಬುಡದ ರೀಲರ್ ಮಗಳು ಹತ್ತಲು ನಲವತ್ತಮೂರು ವರ್ಷ ಬೇಕಾಯಿತು. ಯೋಚಿಸಿದರೆ ದುಃಖವೂ ಆಗುತ್ತದೆ, ನಗುವೂ ಬರುತ್ತದೆ.

ಮಂಜು ಕರಗಿದಾಗ ಪೂರ್ವಕ್ಕೆ ನೋಡಿದೆ. ಕೆರೆಗಳು, ದ್ರಾಕ್ಷಿ ತೋಟದ ಚಪ್ಪರಗಳು, ಹೂವಿನ ಹೊಲಗಳು. ಅವುಗಳಾಚೆ ಎಲ್ಲೋ ಶಿಡ್ಲಘಟ್ಟ, ಅಲ್ಲೊಂದು ಮಾಳಿಗೆ. ಈ ಬೆಟ್ಟಗಳ ಸುತ್ತಮುತ್ತಲೇ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಲಾರ್ ಹುಟ್ಟುತ್ತವೆ ಎಂದು ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ. ಮೇಲೆ ನಿಂತಾಗ ಅದರ ವ್ಯಂಗ್ಯ ತಿಳಿಯಿತು. ಇಷ್ಟು ನದಿಗಳನ್ನು ಹೆತ್ತ ನೆಲದಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲ, ಬಂದರೆ ಫ್ಲೋರೈಡು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ನದಿಗಳು ಇಲ್ಲಿ ಹುಟ್ಟಿ ಹೊರಗೆ ಹೋಗುತ್ತವೆ, ನಮ್ಮ ಕೆರೆಗೆ ಬರುವುದು ಪಟ್ಟಣ ಬಳಸಿ ಬಿಟ್ಟ ನೀರು. ಟೀಚರು ಮೆಲ್ಲಗೆ, "ಹೆಣ್ಣುಮಕ್ಕಳ ಹಾಗೇ ಬಿಡಿ" ಎಂದರು. ನಾನು ಏನೂ ಹೇಳಲಿಲ್ಲ.

ಎರಡನೆಯದು ಕಿಟಕಿಯ ಬೆಟ್ಟ, ಸ್ಕಂದಗಿರಿ. ಇದಕ್ಕೆ ಹಾಗೇ ಎದ್ದು ಹೋಗುವಂತಿಲ್ಲ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಎಂಬ ಜಾಲತಾಣದಲ್ಲಿ ಮೊದಲೇ ಹೆಸರು ಬರೆಸಬೇಕು. 2024ರ ಅಕ್ಟೋಬರಿನಲ್ಲಿ ಅದನ್ನು ತೆರೆದಾಗ ಒಂದು ದಾರಿಗೆ ದಿನಕ್ಕೆ ಮುನ್ನೂರು ಜನ ಎಂದು ಮಿತಿ ಹಾಕಿದರು. ಗುರುತಿನ ಚೀಟಿ ಬೇಕು. ನನ್ನ ಆಧಾರ್ ಕಾರ್ಡನ್ನು ನಾನು ರೇಷನ್‌ಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಕೊಟ್ಟಿದ್ದೆ. ಬೆಟ್ಟ ಹತ್ತಲು ಕೊಟ್ಟದ್ದು ಅದೇ ಮೊದಲು. ಪಾಪಾಗ್ನಿ ಮಠದ ಬಳಿಯಿಂದ ದಾರಿ ಶುರುವಾಗುತ್ತದೆ. ಎರಡು ಗಂಟೆಯ ಏರು. ನಂದಿಯಂತೆ ಮೆಟ್ಟಿಲಿಲ್ಲ, ಬಂಡೆ, ಜಲ್ಲಿ, ಕುರುಚಲು ಕಾಡು. ಮಧ್ಯೆ ಮಧ್ಯೆ ಹಳೆಯ ಕೋಟೆಯ ಗೋಡೆ. ಚಿರತೆ ಇರುವ ಕಾಡು, ಹಾಗಾಗಿ ಗುಂಪು ಬಿಟ್ಟು ಹೋಗಬಾರದು. ಬಂಡೆಯ ಅಂಚಿಗೆ ಫೋಟೋಗೆಂದು ಹೋಗಲೇಬಾರದು. 2022ರ ಫೆಬ್ರವರಿಯಲ್ಲಿ ಬ್ರಹ್ಮಗಿರಿಯ ಬಂಡೆಯಿಂದ ಜಾರಿ ಕಡಿದಾದ ಇಳಿಜಾರಿನಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. ಇದನ್ನು ಮಗಳ ಕೈಯಲ್ಲಿ ದೊಡ್ಡಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆಸಿದ್ದೇನೆ.

ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದೆವು. ಬೆಂಗಳೂರಿನ ಹುಡುಗ ಹುಡುಗಿಯರ ಗುಂಪೊಂದು ಪಕ್ಕದಲ್ಲಿ ಕುಳಿತಿತ್ತು. ಒಬ್ಬ ಹುಡುಗಿ ನನ್ನ ದುಪಟ್ಟಾ ನೋಡಿ, ಬಹಳ ವಿನಯದಿಂದಲೇ ಕೇಳಿದಳು, "ಆಂಟಿ, ಮೇಲೆ ದರ್ಗಾ ಇದೆಯಾ?"

"ಇಲ್ಲಮ್ಮ, ಸಣ್ಣ ಗುಡಿ ಇದೆ."

"ಮತ್ತೆ ನೀವು ಯಾಕೆ ಹೋಗ್ತಿದ್ದೀರಾ?"

ನಾನು ಉತ್ತರ ಹುಡುಕುವ ಮೊದಲು ಟೀಚರು ಅವಳನ್ನೇ ಕೇಳಿದರು, "ನೀವು ಯಾಕಮ್ಮ ಹೋಗ್ತಿದ್ದೀರಾ?"

ಹುಡುಗಿ ಸ್ವಲ್ಪ ಗಲಿಬಿಲಿಯಾಗಿ, "ನಾವಾ? ಸುಮ್ನೆ" ಎಂದಳು.

"ನಾವೂ ಸುಮ್ನೆ."

ಎಲ್ಲರೂ ನಕ್ಕೆವು. ಆ ಹುಡುಗಿ ಚಾಕಲೇಟು ಕೊಟ್ಟಳು, ನಮಗೆ ತಿನ್ನುವ ಹಾಗಿರಲಿಲ್ಲ. ನಾವು ಕಡಲೆಕಾಯಿ ಕೊಟ್ಟೆವು. ಆದರೆ ಆ ಮಾತು ನನ್ನ ಜೊತೆ ತುದಿಯವರೆಗೂ ಬಂತು, ಇಳಿಯುವಾಗಲೂ ಬಂತು. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳು ಕೇಳಿದ್ದು ನಮ್ಮ ಕೇರಿಯವರೂ ಕೇಳುವ ಪ್ರಶ್ನೆಯೇ. ನಾನು ಹುಟ್ಟಿದಂದಿನಿಂದ ಮನೆಯಿಂದ ಹೊರಗೆ ಕಾಲಿಟ್ಟಿದ್ದಕ್ಕೆಲ್ಲ ಒಂದು ಕಾರಣ ಇತ್ತು. ಶಾಲೆ, ಮದುವೆ, ಸಾವು, ಆಸ್ಪತ್ರೆ, ಸಂತೆ, ಕೆಲಸ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಅಮ್ಮಿ ನಮ್ಮನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದಾರೆ. ಅಲ್ಲಿಗೆ ಹಿಂದೂಗಳೂ ಬರುತ್ತಾರೆ, ಹರಕೆ ಹೊರುತ್ತಾರೆ. ಅದೂ ಕಾರಣವೇ. ಹೆಣ್ಣು ಹೊರಗೆ ಕಂಡರೆ ಜನ ಕಾರಣ ಹುಡುಕುತ್ತಾರೆ. ಬುರ್ಖಾ ಹಾಕಿದ ಹೆಣ್ಣಾದರೆ ಇನ್ನೂ ಬೇಗ ಹುಡುಕುತ್ತಾರೆ. ಸುಮ್ಮನೆ ಹೋಗುವುದು ಗಂಡಸರಿಗೆ ಸಿಕ್ಕ ಸೌಕರ್ಯ. ನನಗೆ ಬೆಟ್ಟದಿಂದ ಬೇಕಾಗಿದ್ದುದು ಅದೇ ಎಂದು ಆವತ್ತು ತಿಳಿಯಿತು. ಸಕ್ಕರೆ ಕಾಯಿಲೆಯನ್ನು ನಾನೂ ಒಂದು ಕಾರಣವಾಗಿ ಹಿಡಿದುಕೊಂಡಿದ್ದೆ ಎಂಬುದೂ ತಿಳಿಯಿತು.

ಆಮೇಲೆ ಎರಡು ದಿಕ್ಕಿಗೂ ಹೋದೆವು. ಗೌರಿಬಿದನೂರಿನ ಕಡೆಗೆ ಹೊರಟ ದಿನ ಮಾಕಳಿದುರ್ಗ ಹತ್ತುವ ಯೋಜನೆ ಇತ್ತು. ರೈಲಿನ ವೇಳೆ ಕೂಡಿಬರಲಿಲ್ಲ. ಹಿಂತಿರುಗುವ ಬದಲು ವಿದುರಾಶ್ವತ್ಥಕ್ಕೆ ಹೋದೆವು. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿಸಿದ ಜಾಗ. ಸ್ಮಾರಕದ ಎದುರು ನಿಂತಾಗ ಟೀಚರು ಶಾಲೆಯ ದನಿಯಲ್ಲಿ ಇಡೀ ಪಾಠ ಒಪ್ಪಿಸಿದರು. ಉತ್ತರ ಪಿನಾಕಿನಿಯ ಮರಳು ಬಿಸಿಲಿಗೆ ಹೊಳೆಯುತ್ತಿತ್ತು, ನೀರಿರಲಿಲ್ಲ. ಯೋಜನೆ ಕೆಟ್ಟರೆ ದಿನ ಕೆಡಬೇಕಾಗಿಲ್ಲ ಎಂದು ಆ ಪುಟದ ಕೆಳಗೆ ಬರೆದಿದ್ದೇನೆ. ಬಸ್ಸಿನಲ್ಲಿ ಬರುವಾಗ ಕಂಡ ಇನ್ನೊಂದನ್ನೂ ಬರೆದಿದ್ದೇನೆ: ಅಲ್ಲಲ್ಲಿ ಅರ್ಧ ತಿಂದ ಕಜ್ಜಾಯದಂತೆ ಬೆಟ್ಟಗಳು ನಿಂತಿವೆ. ಜಲ್ಲಿ ಕ್ರಷರುಗಳ ಧೂಳು ಹೊಲದ ಮೇಲೆ ಬಿದ್ದಿರುತ್ತದೆ. 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯ ಹತ್ತಿರ ಕ್ವಾರಿಯ ಸ್ಫೋಟಕ ಸಿಡಿದು ಆರು ಜನ ಸತ್ತರು. ನಾವು ಮುಂದೆ ನೋಡೋಣ ಎಂದುಕೊಂಡರೂ ಬೆಟ್ಟಗಳು ಕಾಯುತ್ತವೆ ಎಂಬ ಭರವಸೆ ಇಲ್ಲ.

ಚಿಂತಾಮಣಿಯ ಕಡೆಗೆ ಹೋದಾಗ ಕೈವಾರದ ಬೆಟ್ಟ ಹತ್ತಿದೆವು. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂದು ಇಲ್ಲಿಯ ನಂಬಿಕೆ. ಬಳೆ ಮಾರುತ್ತಾ ತಿರುಗಿ ಯೋಗಿಯಾದ ನಾರೇಯಣ ತಾತಯ್ಯನವರ ಊರೂ ಇದೇ. ಅವರು ಹಾಡಿದ್ದು ತೆಲುಗಿನಲ್ಲೂ ಕನ್ನಡದಲ್ಲೂ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಆಡುವ ನಮ್ಮ ಸೀಮೆಗೆ ಹೊಂದುವ ತಾತ. ಆ ದಿನದ ಯೋಜನೆಯಲ್ಲಿ ತಲಗವಾರದ ಕಡೆಯ ರೆಹಮಾನ್‌ಗಢವೂ ಇತ್ತು. ಟೀಪುವಿನ ಕಾಲದ ಕೋಟೆ, 1791ರಲ್ಲಿ ನಂದಿಗಿಂತ ಮೊದಲೇ ಇಂಗ್ಲಿಷರ ಕೈಸೇರಿದ್ದು. ಪಾಲಾರ್ ನದಿ ಹುಟ್ಟುವುದು ಅದರ ಆಸುಪಾಸಿನಲ್ಲೇ. ಕೈವಾರದಿಂದ ಇಳಿಯುವ ಹೊತ್ತಿಗೆ ಅಮ್ಮಿಗೆ ತಲೆ ಸುತ್ತು ಬಂದಿದೆ ಎಂದು ಫೋನ್ ಬಂತು. ಬಸ್ಸು ಹತ್ತಿದೆವು. ನೋಟ್‌ಬುಕ್ಕಿನಲ್ಲಿ "ರೆಹಮಾನ್‌ಗಢ" ಎಂಬುದರ ಮುಂದೆ "ಬಾಕಿ" ಎಂದು ಬರೆದೆ.

ಅಮ್ಮಿ ಈಗ ನಮ್ಮ ಜೊತೆಯೇ ಇದ್ದಾರೆ. ಎಪ್ಪತ್ತು ದಾಟಿದೆ. ಬೇಸಿನ್ ಮುಂದೆ ಕೂತು ಕೂತು ಮಂಡಿ ಹೋಗಿದೆ. ಪ್ರತಿ ಬೆಟ್ಟದಿಂದ ಬಂದಾಗಲೂ ಅವರು ಒಂದೇ ಪ್ರಶ್ನೆ ಕೇಳುತ್ತಾರೆ, "ಅಲ್ಲಿಂದ ನಮ್ಮ ಮನೆ ಕಾಣಿಸ್ತಾ?" ನಾನು "ಇಲ್ಲ ಅಮ್ಮಿ, ದೂರ ಆಗುತ್ತೆ" ಎನ್ನುತ್ತೇನೆ. "ಮನೆಯಿಂದ ಬೆಟ್ಟ ಕಾಣ್ತಿತ್ತಲ್ಲ" ಎನ್ನುತ್ತಾರೆ, ಯಾವುದೋ ಲೆಕ್ಕ ತಪ್ಪಿದೆ ಎನ್ನುವ ಹಾಗೆ. ಅವರನ್ನು ಬಸ್ಸಿನಲ್ಲಿ ನಂದಿಗೆ ಕರೆದುಕೊಂಡು ಹೋಗುತ್ತೇನೆಂದು ಎರಡು ಸಲ ಹೇಳಿದೆ. "ನನಗ್ಯಾಕೆ, ನೀನು ನೋಡಿದರೆ ಆಯಿತು" ಎಂದರು.

ಹೋದ ಡಿಸೆಂಬರಿನಲ್ಲಿ ಮಗಳು ಅಡುಗೆಮನೆಗೆ ಬಂದಳು. ಅವಳಿಗೆ ಇಪ್ಪತ್ತು, ಬಿ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜಿನ ಮೂವರು ಗೆಳತಿಯರ ಜೊತೆ ರೆಹಮಾನ್‌ಗಢಕ್ಕೆ ಹೋಗುತ್ತೇನೆ ಎಂದಳು. ಅವರಲ್ಲಿ ಒಬ್ಬಳ ಊರು ಅಲ್ಲೇ ಹತ್ತಿರ, ಅವಳ ಚಿಕ್ಕಪ್ಪ ದಾರಿ ತೋರಿಸಲು ಬರುತ್ತಾರೆ.

"ಅಲ್ಲಿ ಏನಿದೆ ಈಗ?" ಎಂದೆ.

"ಏನೂ ಇಲ್ಲ ಮಮ್ಮಿ. ಸುಮ್ನೆ."

ನಾನು ಕಿಟಕಿಯ ಕಡೆ ನೋಡುತ್ತಾ ಪಾತ್ರೆ ಉಜ್ಜುತ್ತಿದ್ದೆ. ನನ್ನ ತಲೆಯಲ್ಲಿ ಏನೇನೋ ಓಡಿತು. ನಾಲ್ಕು ಹುಡುಗಿಯರು, ಅವರಲ್ಲಿ ಇಬ್ಬರು ನಮ್ಮವರು, ಇಬ್ಬರು ಹಿಂದೂಗಳು. ದಾರಿಯಲ್ಲಿ ಯಾರಾದರೂ ತಡೆದು ಯಾರು, ಯಾವ ಊರು, ಯಾರ ಜೊತೆ ಎಂದು ವಿಚಾರಣೆ ಮಾಡಿದರೆ? ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದರೆ? ಬಂಡೆ ಜಾರಿದರೆ? ಕೇರಿಯಲ್ಲಿ ಮಾತು ಬಂದರೆ? ನನಗೆ ನಲವತ್ತಮೂರಾಗಿತ್ತು, ಟೀಚರಿಗೆ ಐವತ್ತು. ನಮ್ಮನ್ನು ಯಾರೂ ತಿರುಗಿ ನೋಡುವುದಿಲ್ಲ. ಇಪ್ಪತ್ತರ ಹುಡುಗಿಯರ ವಿಷಯ ಬೇರೆ. ಈ ಭಯಗಳಲ್ಲಿ ಒಂದೂ ಸುಳ್ಳಲ್ಲ, ಈ ಕಾಲದಲ್ಲಿ ಹೆಣ್ಣುಮಕ್ಕಳ ತಾಯಂದಿರಿಗೆಲ್ಲ ಗೊತ್ತಿರುವ ಭಯಗಳು.

"ಮುಂದೆ ನೋಡೋಣ ಬೇಟಾ" ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ದನಿ ಅಬ್ಬಾನದೇ, ಆ ಮೃದುತ್ವವೂ ಅವರದೇ. ಅಷ್ಟು ವರ್ಷ ನಾನು ಅವರನ್ನು ಮನಸ್ಸಿನಲ್ಲಿ ದೂರಿದ್ದೆ. ಬಡತನ ಎಂದು ಸ್ವಲ್ಪ ಮಾಫಿ ಕೊಟ್ಟು, ಹಟ ಎಂದು ಸ್ವಲ್ಪ ಉಳಿಸಿಕೊಂಡಿದ್ದೆ. ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಅವರು ಎಷ್ಟು ಹೊತ್ತು ನಿದ್ದೆಗೆಟ್ಟಿದ್ದರೋ ಎಂದು ಆ ಕ್ಷಣದವರೆಗೆ ನಾನು ಯೋಚಿಸಿರಲಿಲ್ಲ. ಹೆದರಿದವರು ಮಕ್ಕಳಿಗೆ ಹೆದರಿಕೆಯೆಂದು ಹೇಳುವುದಿಲ್ಲ, "ಮುಂದೆ" ಎಂದು ಹೇಳುತ್ತಾರೆ.

ಮಗಳು ಮಾತಾಡದೆ ಒಳಗೆ ಹೋದಳು. ಅವಳು ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ರಾತ್ರಿ ಅಮ್ಮಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅವರು ಕೇಳಿದರು, "ಹುಡುಗಿ ಏನು ಕೇಳಿದಳು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆವತ್ತು ನಿನ್ನ ಶಾಲೆಯ ಬಸ್ಸು ಹೋದ ಮೇಲೆ ನಿಮ್ಮಬ್ಬಾ ಊಟ ಮಾಡಲಿಲ್ಲ" ಎಂದರು. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅಮ್ಮಿ ಅದನ್ನು ಹೇಳಿರಲಿಲ್ಲ. "ನೀನು ಈವತ್ತು ಊಟ ಮಾಡಿದೆಯಾ?" ಎಂದು ಕೇಳಿದರು.

"ಇಲ್ಲ."

"ಹಾಗಾದರೆ ಅವಳಿಗೆ ರೊಟ್ಟಿ ಕಟ್ಟಿಕೊಡು" ಎಂದರು.

ಮಗಳು ಇನ್ನೂ ಮಲಗಿರಲಿಲ್ಲ. ನೋಟ್‌ಬುಕ್ಕು ತೆಗೆದುಕೊಂಡು ಅವಳ ಪಕ್ಕ ಕುಳಿತೆ. "ಬಾಕಿ" ಎಂದಿದ್ದ ಪುಟ ತೆರೆದು ಇಬ್ಬರೂ ಬರೆದೆವು. ಯಾವ ಬಸ್ಸು, ಎಷ್ಟು ಗಂಟೆಗೆ. ಇಬ್ಬರ ಮೊಬೈಲು ಪೂರ್ತಿ ಚಾರ್ಜ್. ಗೆಳತಿಯ ಚಿಕ್ಕ ಪ್ಪನ ನಂಬರು ನನ್ನಲ್ಲಿ, ನನ್ನ ನಂಬರು ಅವರಲ್ಲಿ. ತಲಾ ಎರಡು ಲೀಟರು ನೀರು, ಕುಡಿಯದೇ ವಾಪಸ್ಸು ತರಬಾರದು. ಮಂಜಿದ್ದರೆ ಕಾಯುವುದು, ಮಳೆ ಬಂದರೆ ಇಳಿದುಬಿಡುವುದು. ಅಂಚಿಗೆ ಹೋಗುವುದಿಲ್ಲ. ಮೂರು ಗಂಟೆಗೆ ಎಲ್ಲೇ ಇದ್ದರೂ ವಾಪಸ್ಸು ತಿರುಗುವುದು. ಕೆಳಗಿಳಿದ ಕೂಡಲೇ ಫೋನು. ಯಾರಾದರೂ ಯಾಕೆ ಬಂದಿರಿ ಎಂದು ಕೇಳಿದರೆ ಏನು ಹೇಳಬೇಕು ಎಂದು ಅವಳು ಕೇಳಿದಳು. ಕಾಲೇಜಿನ ಪ್ರಾಜೆಕ್ಟು ಎಂದು ಬರೆಯಲು ಪೆನ್ನೆತ್ತಿದವಳು ತಡೆದೆ. ಆ ಸಾಲನ್ನು ಖಾಲಿ ಬಿಟ್ಟೆವು.

ಆ ದಿನ ಬಂತು. ಅವಳು ಆರು ಗಂಟೆಯ ಚಳಿಯಲ್ಲಿ ಹೊರಟಳು. ನಾನು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ, ಹೋದರೆ ಬಸ್ಸನ್ನು ನಿಲ್ಲಿಸಿಬಿಡುತ್ತೇನೇನೋ ಎಂದು ಹೆದರಿದೆ. ಇಡೀ ದಿನ ನನ್ನ ಕೈಯಲ್ಲಿ ಕೆಲಸ ನಿಲ್ಲಲಿಲ್ಲ. ಎರಡು ಸಲ ಸಾರಿಗೆ ಉಪ್ಪು ಹಾಕಿದೆ. ಅಮ್ಮಿ ಜಪಮಾಲೆ ಹಿಡಿದು ಬಾಗಿಲ ಹತ್ತಿರವೇ ಕುಳಿತಿದ್ದರು. ಮೂರೂ ನಲವತ್ತಕ್ಕೆ ಫೋನ್ ಬಂತು. ಗಾಳಿಯ ಸದ್ದಿನ ಮಧ್ಯೆ ಅವಳ ಏದುಸಿರು ಕೇಳಿಸಿತು.

"ಇಳಿದೆವು ಮಮ್ಮಿ. ನಾನಿಗೆ ಫೋನ್ ಕೊಡು."

ಕೊಟ್ಟೆ. ಅಮ್ಮಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ಸಲ ನನ್ನನ್ನು ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದರು, ಅಲ್ಲಿಂದ ನಮ್ಮ ಮನೆ ಕಾಣಿಸ್ತಾ ಎಂದು. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಅಮ್ಮಿ ನಗುತ್ತಾ ಫೋನು ವಾಪಸ್ಸು ಕೊಟ್ಟು, "ಸುಳ್ಳು ಹೇಳ್ತಾಳೆ" ಎಂದರು.